ಯಂತ್ರ ಕೇಳಿಸಿಕೊಂಡಿದ್ದು

"ಹೊರಗೆ ಯಾರೋ ವಿಮಾನದೋರು ಬಂದಿದಾರೆ ಕಣೇ ಯಮುನಾ! ರೊಟ್ಟಿ ಬೇಡ್ವಂತೆ, ಕಾಫಿ ಬೇಡ್ವಂತೆ... ನೀನೇ ಬೇಕಂತೆ!"

ಅಮ್ಮ ಶಕುಂತಲಮ್ಮನ ಗಂಟಲು ಸುಂಟಿಕೊಪ್ಪದ ಬಸ್ ಸ್ಟ್ಯಾಂಡಿಗೆಲ್ಲ ಕೇಳುವಂಥದ್ದು. ಅವರ ಪುಟ್ಟ ಹೋಟೆಲಿನಲ್ಲಿ ಕೂತವರೆಲ್ಲ ತಿರುಗಿ ನೋಡಿದರು.

ಯಮುನಾ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು. ಬಾಗಿಲ ಹತ್ತಿರದ ಉದ್ದ ಬೆಂಚಿನ ಮೇಲೆ... ತೇಜಸ್!

'ಇವನಾ? ಇಲ್ಲಿಗೂ ಬಂದ್ನಾ?'

ಒಂದು ತಿಂಗಳ ಹಿಂದಿನವರೆಗೆ ಅವಳು ದೂರದ ಏರ್‌ಪೋರ್ಟಿನ ಟವರ್‌ನಲ್ಲಿ ಕೂತು ವಿಮಾನಗಳಿಗೆ ದಾರಿ ಹೇಳುತ್ತಿದ್ದವಳು. ಅಲ್ಲಿಗೆ ಹೊಸ ಯಂತ್ರ ತಂದ ಎಂಜಿನಿಯರ್ ಇವನು. ಮೇಜಿನ ಮೈಕಿಗೆ ಬಿದ್ದ ಮಾತನ್ನೆಲ್ಲ ಬರೆದುಕೊಂಡು, ತಪ್ಪು ಹುಡುಕಿ ಕೊಡುವ ಯಂತ್ರ. ಮೂರು ವಾರ ಅವಳ ಕುರ್ಚಿಯ ಹಿಂದೆಯೇ ಕೂತಿದ್ದ. ಒಂದೇ ಫ್ಲಾಸ್ಕಿನ ಕಾಫಿ ಹಂಚಿಕೊಂಡಿದ್ದರು. ಬಾಯಿಬಿಟ್ಟು ಏನೂ ಹೇಳಿಕೊಂಡಿರಲಿಲ್ಲ... ಆದರೂ ಅವನು ಬಾರದ ದಿನ ಅವಳಿಗೆ ಶಿಫ್ಟ್ ಮುಗಿಯುತ್ತಲೇ ಇರಲಿಲ್ಲ.

ಆಮೇಲೆ ಬಂತು ಆ ರಿಪೋರ್ಟ್. 'ಕರ್ತವ್ಯದಲ್ಲಿದ್ದಾಗ ನಲವತ್ತೊಂದು ಸಲ ತಪ್ಪೊಪ್ಪಿಗೆ.' ಕೆಳಗೆ ತೇಜಸ್‌ನ ಸಹಿ!

ಅವತ್ತೇ ಅವಳನ್ನು ಕೆಲಸದಿಂದ ದೂರ ಇಟ್ಟರು. ಸೋಮವಾರ ವಿಚಾರಣೆ. ಅಲ್ಲಿ ತಪ್ಪು ಅಂತಾದರೆ ಲೈಸೆನ್ಸೇ ಹೋಗುತ್ತೆ.

"ಯಾಕೆ ಬಂದ್ರಿ? ನಲವತ್ತೆರಡನೇದು ಬರ್ಕೊಳ್ಳೋಕಾ?"

"ನನಗೆ ಇನ್ನೂ ನಂಬಿಕೆ ಬರ್ತಿಲ್ಲ ಯಮುನಾ. ನಿಮ್ಮ ಬಾಯಿಂದಲೇ ಕೇಳೋಣ ಅಂತ..."

"ನಾನು ಯಾರ ಹತ್ರಾನೂ ತಪ್ಪಾಯ್ತು ಅಂದಿಲ್ಲ!"

"ಏನವ್ವಾ, ನಿಮ್ಮ ಜಗಳದಲ್ಲಿ ನನ್ನ ರೊಟ್ಟಿ ಏನಾಯ್ತು?" ಬೆಂಚಿನ ಇನ್ನೊಂದು ತುದಿಯಿಂದ ಎಸ್ಟೇಟ್ ರೈಟರ್ ಬೆಳ್ಯಪ್ಪ ಕೇಳಿದರು. "ಆಳುಗಳೆಲ್ಲ ಕಾಫಿ ಪಿಕ್ಕಿಂಗಿಗೆ ಹೊರಟಾಯ್ತು, ಲೆಕ್ಕ ಬರೆಯೋನು ಇಲ್ಲೇ ಇದೀನಿ!"

ಯಮುನಾ ಸಿಡುಕಿನಲ್ಲೇ ಒಳಗೆ ಕೂಗಿದಳು. "ಅಮ್ಮಾ, ಬೆಳ್ಯಪ್ಪಣ್ಣಂಗೆ ಎರಡು ರೊಟ್ಟಿ, ಒಂದು ಕಾಫಿ."

"ಎರಡು ರೊಟ್ಟಿ, ಒಂದು ಕಾಫಿ!" ಒಳಗಿಂದ ಅಮ್ಮನ ಗಂಟಲು.

"ಸರಿ," ಎಂದು ಗೊಣಗಿದಳು. "ಆ ಕಡೆಗೆ ನಾಲ್ಕು ಇಡ್ಲಿ."

"ನಾಲ್ಕು ಇಡ್ಲಿ!"

"ಸರಿ."

ತೇಜಸ್ ತಟ್ಟನೆ ಅವಳ ಕಡೆ ತಿರುಗಿದ.

"ಈಗೇನಂದ್ರಿ?"

"ಸರಿ ಅಂದೆ. ಅಮ್ಮ ತಿರುಗಿ ಹೇಳಿದ್ದು ಸರಿ ಇತ್ತಲ್ಲ, ಅದಕ್ಕೆ."

"ಟವರ್‌ನಲ್ಲೂ... ನೀವು ಹೇಳಿದ್ದನ್ನ ಪೈಲಟ್ ತಿರುಗಿ ಹೇಳಿದ ಮೇಲೆ?"

"ಹೂಂ. ಮೆಲ್ಲಗೆ, ನನಗೆ ನಾನೇ. ಚಿಕ್ಕಂದಿನಿಂದ ಇದೇ ಹೋಟೆಲಲ್ಲಿ ಆರ್ಡರ್ ಕೂಗಿದವಳು, ಅಭ್ಯಾಸ ಹೋಗಿಲ್ಲ. ಯಾಕೆ?"

"ಅಯ್ಯೋ... ಆ ಯಂತ್ರಕ್ಕೆ ಇಂಗ್ಲಿಷ್ ಬಿಟ್ಟು ಬೇರೇನೂ ಬರಲ್ಲ! ನೀವು 'ಸರಿ' ಅಂದಾಗೆಲ್ಲ ಅದು 'ಸಾರಿ' ಅಂತ ಬರ್ಕೊಂಡಿದೆ. ಕ್ಷಮೆ ಕೇಳೋ ಸಾರಿ!"

ಬೆಳ್ಯಪ್ಪ ಹೊಟ್ಟೆ ಹಿಡಿದು ನಕ್ಕರು. "ಸರಿ ಅಂದೋಳಿಗೇ ಶಿಕ್ಷೆಯಾ! ಚೆನ್ನಾಗಿದೆ ನಿಮ್ಮ ಯಂತ್ರ!"

ಯಮುನಾ ನಗಲಿಲ್ಲ. ಕಣ್ಣು ತುಂಬಿ ಬಂತು.

"ಹಿಂದೆಯೇ ಕೂತಿದ್ರಲ್ಲ... ಕೇಳಿಸ್ಲೇ ಇಲ್ವಾ?"

"ಕಿವೀಲಿ ಹೆಡ್‌ಫೋನ್ ಇತ್ತು. ಪೈಲಟ್‌ಗೆ ಹೋಗೋ ಮಾತಷ್ಟೇ ಕೇಳಿಸ್ತಿತ್ತು. ಯಂತ್ರ ಬರೆದಿದ್ದನ್ನ ಓದಿ ಸಹಿ ಹಾಕ್ಬಿಟ್ಟೆ."

"ಒಂದು ಮಾತು ನನ್ನ ಕೇಳಬಹುದಿತ್ತಲ್ವಾ? ತಿಂಗಳಿಂದ ಆ ನಲವತ್ತೊಂದನ್ನ ಹುಡುಕ್ತಾ ಇದೀನಿ ತೇಜಸ್! ಯಾವ ವಿಮಾನಕ್ಕೆ ತಪ್ಪು ದಾರಿ ಹೇಳಿದೆ, ಎಷ್ಟು ಜನರ ಜೀವ ಹೋಗ್ತಿತ್ತು ಅಂತ... ನನ್ನ ಮೇಲೆ ನನಗೇ ನಂಬಿಕೆ ಹೋಗಿತ್ತು."

ಅವನು ತಲೆ ತಗ್ಗಿಸಿದ. "ಹೆದರಿದ್ದೆ. ನಿಮ್ಮ ಪರ ಮಾತಾಡಿದ್ರೆ ಎಲ್ರಿಗೂ ಗೊತ್ತಾಗುತ್ತೆ ಅಂತ."

"ಏನು ಗೊತ್ತಾಗುತ್ತೆ?"

"ನಾನು ನಿಮ್ಮನ್ನ ಪ್ರೀತಿಸ್ತೀನಿ ಅಂತ."

ಇಡ್ಲಿಯವರು ಬಾಯಿಗಿಟ್ಟ ತುತ್ತನ್ನು ಅಗಿಯುವುದನ್ನೇ ಮರೆತರು.

'ಈ ಮಾತಿಗಾಗಿ ಮೂರು ವಾರ ಕಾದಿದ್ದೆ. ಈಗ ಕೇಳಿದ್ರೆ ಯಾಕಿಷ್ಟು ನೋವಾಗ್ತಿದೆ?'

"ಸೋಮವಾರ ನಾನೇ ಹೇಳ್ತೀನಿ ಯಮುನಾ, ತಪ್ಪು ನನ್ನದು ಅಂತ. ನನ್ನ ಕೆಲಸ ಹೋದ್ರೂ ಪರವಾಗಿಲ್ಲ."

"ನನ್ನೊಬ್ಬಳ ಹೆಸರು ತೆಗೆದ್ರೆ ಸಾಲದು. ತಮಿಳಿನವರೂ ಸರಿ ಅಂತಾರೆ, ಮಲಯಾಳದವರು ಶರಿ ಅಂತಾರೆ. ಅವರನ್ನೂ ಮನೆಗೆ ಕಳಿಸ್ತೀರಾ? ನಿಮ್ಮ ಯಂತ್ರ ಬರ್ಲಿ, ಬೇಡ ಅನ್ನಲ್ಲ. ಆದ್ರೆ ಅದಕ್ಕೆ ಕಲಿಸೋವಾಗ ನಾವೂ ಇರ್ಬೇಕು. ಅದು ಬರೆದಿದ್ದನ್ನ ಮೊದಲು ನಾವು ಓದ್ಬೇಕು."

"ಹಾಗಂತ ಬರೆದು ಕೊಡ್ತೀನಿ."

"ಬರೆದಿದ್ದು ಸಾಕು. ನನ್ನ ಜೊತೆ ನಿಂತು, ಬಾಯಿಬಿಟ್ಟು ಹೇಳಿ."

"ಹೇಳ್ತೀನಿ."

ಯಮುನಾ ಅವನ ಪಕ್ಕದಲ್ಲಿ, ಬೆಂಚಿನ ಕೊನೆಗೆ ಕೂತಳು.

"ಇನ್ನೂ ಕೋಪ ಇದ್ಯಾ?"

"ಇದೆ. ಬಹಳ ದಿನ ಇರುತ್ತೆ."

"ಇರ್ಲಿ... ನಾನೂ ಇರ್ತೀನಿ."

ಅಷ್ಟರಲ್ಲಿ ಬೆಳ್ಯಪ್ಪ ಕೈ ತೊಳೆಯಲೆಂದು ಎದ್ದರು. ಆ ತುದಿಯ ಭಾರ ಹೋಗಿದ್ದೇ ತಡ, ಅದು ಮೇಲಕ್ಕೆದ್ದು ಬೆಂಚು ಈ ಕಡೆ ವಾಲಿತು. ಯಮುನಾ ಗಾಬರಿಯಲ್ಲಿ ಅವನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಬೆಂಚು ಮತ್ತೆ ನೆಲಕ್ಕೆ ಕೂತ ಮೇಲೂ ಬಿಡಲಿಲ್ಲ.