ಹೂಂಗುಟ್ಟುವ ಗಿಟಾರ್

ಮಂಗಳವಾರ ಮಧ್ಯಾಹ್ನ ಎರಡೂವರೆಗೆ ಹಳೆಯ ವಾದ್ಯಗಳ ಅಂಗಡಿಯವನು ಏದುಸಿರು ಬಿಡುತ್ತಾ ಠಾಣೆಗೆ ಬಂದ. ಉಂಡ ಕೈಯನ್ನೂ ಸರಿಯಾಗಿ ತೊಳೆದಿರಲಿಲ್ಲ.

"ಗಿಟಾರ್ ಹೋಯ್ತು ಸಾರ್! ಒಳಗೆ ಊಟಕ್ಕೆ ಕೂತಿದ್ದೆ. ಎದ್ದು ಬಂದು ನೋಡ್ತೀನಿ, ಗೋಡೆ ಬೋಳು."

"ಎಂಥ ಗಿಟಾರ್?" ಇನ್‌ಸ್ಪೆಕ್ಟರ್ ಕೇಳಿದರು.

"ಕರೆಂಟಿಗೆ ಹಾಕಿ ನುಡಿಸೋದು. ಆದ್ರೆ ಒಳಗೆಲ್ಲ ಪೊಳ್ಳು. ಈಗಿನವು ಗಟ್ಟಿ ಹಲಗೆ, ಕರೆಂಟಿಲ್ದಿದ್ರೆ ಬಾಯೇ ಬಿಡಲ್ಲ. ಇದು ವೈರ್ ಹಾಕದಿದ್ರೂ ದನಿ ಕೊಡುತ್ತೆ. ಅರವತ್ತು ವರ್ಷ ಹಳೇದು, ಒಂದು ತಿರುಪೂ ಬದಲಾಯಿಸಿಲ್ಲ. ಕದ್ದೋನು ಗೊತ್ತಿಲ್ದೆ ಉಜ್ಜಿ ಹೊಸ ಪಾಲಿಶ್ ಹೊಡೆಸಿದ್ರೆ ಅರ್ಧ ಬೆಲೆ ಮಣ್ಣುಪಾಲು. ಶುಕ್ರವಾರ ಗಿರಾಕಿ ಬರ್ತಾನೆ!"

"ಬೆಲೆ ಎಷ್ಟು?"

"ಹೊಸ ಕಾರು ಬರುತ್ತೆ ಸಾರ್."

ದೂರು ಬರೆದುಕೊಳ್ಳುತ್ತಿದ್ದ ದಫೇದಾರ ತಲೆಯೆತ್ತಿದ. "ಪೊಳ್ಳಿಗೇ ಅಷ್ಟಾ? ಹಾಗಾದ್ರೆ ನನ್ನ ಭಾವಮೈದುನನ ತಲೆಗೂ ಒಳ್ಳೇ ಗಿರಾಕಿ ಸಿಗ್ತಾನೆ ಬಿಡಿ."

ಎಫ್‌ಐಆರ್ ದಾಖಲಾಯಿತು. ಮೂರೂವರೆಗೆ ಅಕ್ಕಪಕ್ಕದ ಅಂಗಡಿಯ ಇಬ್ಬರನ್ನು ಪಂಚರನ್ನಾಗಿ ಕರೆದು ಸ್ಥಳ ಪಂಚನಾಮೆ ಶುರುವಾಯಿತು. ಬಾಗಿಲಿಗೊಂದು ಪುಟ್ಟ ಗಂಟೆ. ಯಾರು ತಳ್ಳಿದರೂ ಬಡಿದುಕೊಳ್ಳಬೇಕು. ಅದರ ನಾಲಗೆಗೆ ಬಟ್ಟೆ ಸುತ್ತಿತ್ತು. ದಫೇದಾರ ಅದನ್ನು ಬಿಚ್ಚಿ ಅಂಗೈ ಮೇಲೆ ಹರಡಿದ. ನಾಲ್ಕೂ ಅಂಚು ಮಡಚಿ, ಸಣ್ಣ ಸಣ್ಣ ಹೊಲಿಗೆ ಹಾಕಿದ ಚೂರು.

"ನೋಡಿ ಸಾರ್, ಕಳ್ಳತನಕ್ಕೆ ಬರೋನು ಯಾವುದೋ ಚಿಂದಿ ತರ್ತಾನೆ. ಈ ಪುಣ್ಯಾತ್ಮ ಅಂಚು ಹೊಲ್ಕೊಂಡು ಬಂದಿದ್ದಾನೆ."

"ಹರಿದ ಅಂಚು ಕಂಡ್ರೆ ಕೈ ಸುಮ್ಮನಿರದವರು," ಎಂದರು ಇನ್‌ಸ್ಪೆಕ್ಟರ್.

ಗೋಡೆಯ ಕೆಳಗೆ ಗಿಟಾರಿನ ಪೆಟ್ಟಿಗೆ ಹಾಗೇ ಉಳಿದಿತ್ತು. ಅದೂ ಅಷ್ಟೇ ಹಳೆಯದು, ಅದೊಂದನ್ನೇ ಮಾರಿದರೂ ಒಳ್ಳೆಯ ದುಡ್ಡು ಎಂದ ಅಂಗಡಿಯವನು. ಮಾರಲು ಕದ್ದವರು ಅದನ್ನು ಬಿಟ್ಟು ಹೋಗುವುದಿಲ್ಲ.

"ನಿಮಗೆ ಆ ಗಿಟಾರ್ ಕೊಟ್ಟೋರು ಯಾರು?" ಇನ್‌ಸ್ಪೆಕ್ಟರ್ ಕೇಳಿದರು.

"ಒಬ್ಬ ಹೆಂಗಸು. ತೀರಿಹೋದ ತಮ್ಮನದಂತೆ. ಮಾರನೇ ದಿನವೇ ದುಡ್ಡು ವಾಪಸ್ ಹಿಡ್ಕೊಂಡು ಬಂದ್ಲು. ಈಗಿನ ಬೆಲೆ ಹೇಳ್ದೆ, ಸುಮ್ಮನೆ ಹೋದ್ಲು. ಆಮೇಲೆ ಬಂದು ಬಂದು ನೋಡ್ಕೊಂಡು ಹೋಗ್ತಿದ್ಲು."

"ಏನು ಕೆಲಸ ಅವರದು?"

ಅಂಗಡಿಯವನು ದಫೇದಾರನ ಅಂಗೈಯಲ್ಲಿದ್ದ ಚೂರನ್ನು ನೋಡಿದ. ದನಿ ಇಳಿಯಿತು. "ಹೊಲಿಗೆ."

ಆ ಸಂಜೆ ಇನ್‌ಸ್ಪೆಕ್ಟರ್ ಕ್ವಾರ್ಟರ್ಸಿನ ಬೀಗ ತೆಗೆದರು. ಹೋಟೆಲಿನ ಪೊಟ್ಟಣ ಬಿಚ್ಚಿ ಉಂಡು, ಒಂದು ತಟ್ಟೆ ತೊಳೆದು ಒಂದನ್ನೇ ಬೋರಲು ಹಾಕಿದರು. ವರ್ಗವಾಗಿ ಬಂದಾಗಿನಿಂದ ಆ ಮನೆಯೊಳಗೆ ಅವರು ಬಾಯಿಬಿಟ್ಟು ಆಡಿದ ಮಾತು ಕಡಿಮೆ.

ಬುಧವಾರ ಬೆಳಿಗ್ಗೆ ದಫೇದಾರನ ಜೊತೆ ಮಹಿಳಾ ಪೇದೆಯನ್ನೂ ಕರೆದುಕೊಂಡು ಆ ಹೆಂಗಸಿನ ಮನೆಗೆ ಹೋದರು. ಮಹಡಿಯ ಮೇಲೊಂದು ಬಾಡಿಗೆ ಕೋಣೆ. ಹೊಲಿಗೆ ಯಂತ್ರದ ಎದುರು ಗೋಡೆಯಲ್ಲಿ ಗಿಟಾರ್ ನೇತಾಡುತ್ತಿತ್ತು. ಉಜ್ಜಿರಲಿಲ್ಲ, ಪಾಲಿಶ್ ಹೊಡೆಸಿರಲಿಲ್ಲ, ಧೂಳು ಮಾತ್ರ ಒರೆಸಿತ್ತು.

"ಇದು ಯಾರದಮ್ಮಾ?"

"ಅಂಗಡಿಯವರದು. ನಾನೇ ತಂದೆ," ಎಂದಳು ಹೆಂಗಸು, ಸೂಜಿಯನ್ನು ದಿಂಬಿಗೆ ಚುಚ್ಚುತ್ತಾ.

"ಬೇರೆ ಕಡೆ ಮಾರೋಕಾ?"

"ಒಂದ್ಸಲ ಮಾರಿದ್ದೇ ಸಾಕಾಗಿದೆ ಸ್ವಾಮಿ."

"ನುಡಿಸೋಕೆ ಬರುತ್ತಾ?"

"ಇಲ್ಲ."

"ಮತ್ಯಾಕೆ?"

ಆಕೆ ಯಂತ್ರದ ಮೇಲಿದ್ದ ಬಟ್ಟೆಯನ್ನು ಮಡಚಿಟ್ಟಳು. "ನನ್ನ ತಮ್ಮ ಮಾತಿಲ್ಲದ ಮನುಷ್ಯ. ಇಬ್ಬರಿಗೂ ಮದುವೆ ಇಲ್ಲ, ಮಕ್ಕಳಿಲ್ಲ, ಇದೇ ಕೋಣೇಲಿ ಇದ್ವಿ. ಹೊಲೀತಾ ನಾನು ಏನಾದ್ರೂ ಹೇಳ್ತಿದ್ದೆ, ಹೂಂ ಅಂತ ಕೇಳ್ತಿತ್ತು. ಅವನೇ ಅಂತಿದ್ದಾನೆ ಅಂದ್ಕೊಂಡಿದ್ದೆ. ಅವನು ಹೋದ ಮೇಲೂ ನಾನು ಹೇಳೋದು ಬಿಡಲಿಲ್ಲ, ಹೂಂ ಅನ್ನೋದೂ ನಿಲ್ಲಲಿಲ್ಲ. ಅದು ಎಲ್ಲಿಂದ ಬರ್ತಿದೆ ಅಂತ ನನಗೆ ಹೊಳೀಲೇ ಇಲ್ಲ. ಇದನ್ನ ಕೊಟ್ಟು ಬಂದ ದಿನ ಚಪ್ಪಲಿ ಬಿಟ್ಟು 'ಕಾಲು ನೋಯ್ತಿದೆ ಕಣೋ' ಅಂದೆ. ಕೋಣೆ ಸುಮ್ಮನಿತ್ತು."

ಗೋಡೆಯ ಕಡೆ ತಿರುಗಿ ಆಕೆ ಗಟ್ಟಿಯಾಗಿ ಅಂದಳು: "ಪೊಲೀಸಿನವರು ಬಂದಿದ್ದಾರೆ ಕಣೋ."

ಪೊಳ್ಳು ಮರದೊಳಗೆ ತಂತಿಗಳು ಮೆಲ್ಲಗೆ ಮಿಡಿದವು. ಹೂಂ.

ದಫೇದಾರನಿಗೆ ತಮಾಷೆ ಯಾವುದೂ ನೆನಪಾಗಲಿಲ್ಲ.

ಹತ್ತು ಗಂಟೆಗೆ ಬಂಧನದ ಕಾಗದಕ್ಕೆ ಆಕೆ ಸಹಿ ಹಾಕಿದಳು. ಗಿಟಾರಿಗೆಂದೇ ಅಳತೆಗೆ ಸರಿಯಾಗಿ ಹೊಲಿದಿಟ್ಟಿದ್ದ ಗವಸನ್ನು ಪೇದೆಯ ಕೈಗಿತ್ತಳು. "ಅದಕ್ಕೆ ಹಾಕ್ಕೊಂಡು ಹೋಗಮ್ಮಾ, ಹೊರಗೆ ಬಿಸಿಲಿದೆ."

ಸಂಜೆ ಆಕೆಯನ್ನು ನ್ಯಾಯಾಧೀಶರ ಮುಂದೆ ಹಾಜರುಪಡಿಸಿ ಬಂದಾಗ ಠಾಣೆ ಖಾಲಿಯಾಗಿತ್ತು. ವಶಪಡಿಸಿಕೊಂಡ ವಸ್ತುಗಳ ಕೋಣೆಯಲ್ಲಿ ಇನ್‌ಸ್ಪೆಕ್ಟರ್ ಗವಸು ತೆಗೆದು ಗಿಟಾರನ್ನು ಗೋಡೆಗೆ ಒರಗಿಸಿ ಚೀಟಿ ಕಟ್ಟಿದರು. ಕಡತದ "ಕಳ್ಳತನದ ಉದ್ದೇಶ" ಎಂಬಲ್ಲಿ ಬಹಳ ಹೊತ್ತು ಪೆನ್ನು ಹಿಡಿದು ಕುಳಿತು, "ಸ್ವಂತಕ್ಕೆ" ಎಂದಷ್ಟೇ ಬರೆದರು.

"ಸರಿ, ಇವತ್ತಿಗೆ ಇಷ್ಟೇ," ಅಂದುಕೊಂಡು ಎದ್ದರು.

ಹೂಂ, ಎಂದಿತು ಗಿಟಾರ್.

ಇನ್‌ಸ್ಪೆಕ್ಟರ್ ಮತ್ತೆ ಕುಳಿತರು. ಪಂಚನಾಮೆಯನ್ನು ಕೈಗೆತ್ತಿಕೊಂಡು ಮೊದಲ ಸಾಲಿನಿಂದ ಗಟ್ಟಿಯಾಗಿ ಓದತೊಡಗಿದರು. ಹಾಗೆ ಓದಬೇಕೆಂಬ ನಿಯಮವೇನೂ ಇರಲಿಲ್ಲ.