ಬನ್ನಿಯ ದಿನ ತಳ್ಳಿದ ಕಾರು

ಟಕ್.

ಅಷ್ಟೇ ಸದ್ದು ಬಂತು. ಅಪ್ಪ ಕೀ ಇನ್ನೊಮ್ಮೆ ತಿರುಗಿಸಿದ. ಮತ್ತೆ ಅದೇ ಟಕ್.

ಹಿಂದಿನ ಸೀಟಿನಲ್ಲಿ ಹೊಸ ಫ್ರಾಕ್ ಹಾಕಿಕೊಂಡು ಕೂತಿದ್ದ ಶಾಂಭವಿ ಕಿಟಕಿಯಿಂದ ಗೆಳತಿ ಮಮ್ತಾಜಳಿಗೆ ಟಾಟಾ ಮಾಡುತ್ತಿದ್ದಳು. ಎತ್ತಿದ ಕೈ ಹಾಗೇ ನಿಂತಿತು.

"ಯಾಕ್ರೀ, ಏನಾತು?" ಅವ್ವ ಅಪ್ಪನ ಪಕ್ಕದಿಂದ ಕೇಳಿದಳು.

"ಏನಿಲ್ಲ. ಒಂದ ನಿಮಿಷ."

ಅಪ್ಪನ 'ಒಂದ ನಿಮಿಷ' ಎಂದರೆ ಎಷ್ಟು ಹೊತ್ತು ಅನ್ನುವುದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಎರಡು ವರ್ಷದ ಹಿಂದೆ ಒಂದು ಭಾನುವಾರ, "ಒಂದ ನಿಮಿಷ ನೋಡಿ ಬರ್ತೀನಿ" ಅಂತ ಹಿತ್ತಲಿಗೆ ಹೋಗಿ ಈ ಕಾರಿನ ಬಾನೆಟ್ ಎತ್ತಿದ್ದ. ಆ ಕೆಲಸ ಮುಗಿದದ್ದು ಮೊನ್ನೆ.

ಕಾರು ಅಜ್ಜನದು. ಹಳೆಯ ಅಂಬಾಸಿಡರ್. ಒಂದು ಕಾಲದಲ್ಲಿ ಸೂಗಪ್ಪಜ್ಜ ಅದನ್ನು ಬಾಡಿಗೆಗೆ ಓಡಿಸುತ್ತಿದ್ದ. ಸುರಪುರದಿಂದ ಶಹಾಪುರ, ಶಹಾಪುರದಿಂದ ಯಾದಗಿರಿ ಸ್ಟೇಷನ್. ಮುಂಬಯಿ ಗಾಡಿ ಹಿಡಿಯುವವರು, ದವಾಖಾನೆಗೆ ಹೋಗುವವರು, ಬಾಸಿಂಗ ಕಟ್ಟಿಕೊಂಡ ಮದುಮಕ್ಕಳು, ಎಲ್ಲರೂ ಅದರಲ್ಲೇ ಹೋಗುತ್ತಿದ್ದರು. ಆಮೇಲೆ ಜೀಪುಗಳು ಬಂದವು, ಆಟೋಗಳು ಬಂದವು. ಕಾರು ಹಿತ್ತಲು ಸೇರಿತು. ಶಾಂಭವಿ ಹುಟ್ಟುವ ಹೊತ್ತಿಗೆ ಅದರೊಳಗೆ ಕೋಳಿಗಳು ಮೊಟ್ಟೆ ಇಡುತ್ತಿದ್ದವು.

ಅಪ್ಪ ಸಂಗಮನಾಥ ಕರೆಂಟ್ ಆಫೀಸಿನಲ್ಲಿ ಲೈನ್‌ಮನ್. ವಾರವೆಲ್ಲ ಕಂಬ ಹತ್ತುವುದು, ಭಾನುವಾರ ಕಾರಿನ ಕೆಳಗೆ ನುಸುಳುವುದು. "ನಿಮ್ಮಪ್ಪ ಒಂದೋ ಮ್ಯಾಲ ಇರ್ತಾನ, ಇಲ್ಲ ಕೆಳಗ ಇರ್ತಾನ. ನಮ್ಮ ನಡುವ ಇರೋದ ಕಡಿಮಿ" ಎಂದು ಅವ್ವ ನಗುತ್ತಿದ್ದಳು. ಅಪ್ಪ ಬೇರೆ ಎಂಜಿನ್ ಕೂಡಿಸಿದ. ಎಸಿ ಹಾಕಿದ. ಪವರ್ ಸ್ಟೇರಿಂಗ್ ಹಾಕಿದ. ಮೊದಲು ಸ್ಟೇರಿಂಗಿನ ಪಕ್ಕದಲ್ಲಿ ಕೋಲಿನ ಹಾಗೆ ಚಾಚಿಕೊಂಡಿದ್ದ ಗೇರು ಈಗ ಕೆಳಗೆ, ಮುಂದಿನ ಎರಡು ಸೀಟುಗಳ ನಡುವೆ ಬಂತು. ಹೊರಗಿನ ಬಣ್ಣ ಒಂದನ್ನು ಮಾತ್ರ ಬದಲಿಸಲಿಲ್ಲ. ಬಿಸಿಲು ಕಾಣದ ಡಿಕ್ಕಿಯ ಒಳಗೆ ಉಳಿದಿದ್ದ ಹಳೆಯ ಕೆನೆಬಣ್ಣ ನೋಡಿ, ಅದನ್ನೇ ಹುಡುಕಿಸಿ ಹೊಡೆಸಿದ.

ಅಪ್ಪನ ಕೈಗೆ ನಟ್ಟು, ಬೋಲ್ಟು, ಅವನ್ನು ಬಿಗಿಯುವ ಪಾನಾ ಕೊಡುವ ಕೆಲಸ ಶಾಂಭವಿಯದು. ಹದಿನಾಲ್ಕು ನಂಬರಿನ ಪಾನಾ ಯಾವುದು, ಹದಿನೇಳರದ್ದು ಯಾವುದು ಎಂದು ಅವಳು ಕಣ್ಣು ಮುಚ್ಚಿ ಹೇಳುತ್ತಿದ್ದಳು.

ಅಜ್ಜ ಮಾತ್ರ ಎರಡು ವರ್ಷದಲ್ಲಿ ಒಮ್ಮೆಯೂ ಕಾರಿನ ಹತ್ತಿರ ಬಂದಿರಲಿಲ್ಲ. ಹಿತ್ತಲಲ್ಲಿ ಸುತ್ತಿಗೆಯ ಸದ್ದು ಕೇಳಿದರೆ ಸಾಕು, ಎದ್ದು ಮುಂದಿನ ಕಟ್ಟೆಗೆ ಹೋಗಿ ಕೂರುತ್ತಿದ್ದ.

"ಯಾಕಜ್ಜಾ, ನೋಡಾಕ ಬಾ" ಎಂದು ಶಾಂಭವಿ ಎಷ್ಟು ಸಲ ಕರೆದರೂ ಒಂದೇ ಉತ್ತರ. "ಅದು ಈಗ ನಿಮ್ಮಪ್ಪನ ಕಾರವ್ವಾ."

ಅಜ್ಜನಿಗೆ ಸಿಟ್ಟು ಬಂದಿದೆ ಎಂದು ಶಾಂಭವಿ ತಿಳಿದಿದ್ದಳು. ಕಾರನ್ನು ಬಿಚ್ಚಿ ಹಾಕಿದ್ದಕ್ಕೆ, ಎಲ್ಲ ಬದಲಿಸಿದ್ದಕ್ಕೆ.

ಇವತ್ತು ಬನ್ನಿ ಹಬ್ಬ, ವಿಜಯದಶಮಿ. ಪ್ರತಿ ವರ್ಷ ಈ ದಿನ ಸುರಪುರಕ್ಕೆ ಹೋಗಿ, ಅಜ್ಜನ ಅಕ್ಕ ಗೊಲ್ಲಾಳಮ್ಮಜ್ಜಿಗೆ ಬನ್ನಿ ಎಲೆ ಕೊಟ್ಟು ಕಾಲು ಮುಗಿಯಬೇಕು. ಈ ಸಲ ಕಾರಿನಲ್ಲೇ ಹೋಗುವುದು, ಅಜ್ಜ ಮುಂದಿನ ಸೀಟಿನಲ್ಲಿ ಕೂರುವುದು ಎಂದು ಶಾಂಭವಿ ತಿಂಗಳ ಹಿಂದೆಯೇ ಗಟ್ಟಿಮಾಡಿಕೊಂಡಿದ್ದಳು. ಆದರೆ ಬೆಳಗ್ಗೆ ಅಜ್ಜ, "ನೀವು ಕಾರಿನ್ಯಾಗ ಹೋಗ್ರಿ. ನಾ ಬಸ್ಸಿಗೆ ಬರ್ತೀನಿ" ಎಂದುಬಿಟ್ಟಿದ್ದ. ಅಪ್ಪ ಮೊದಲೇ ಒರೆಸಿದ್ದ ಗಾಜನ್ನು ಮತ್ತೊಮ್ಮೆ ಒರೆಸಿದ್ದ.

"ಲೈಟಿನ ಸ್ವಿಚ್ ಆನ್ ಐತಿ!" ಅಪ್ಪ ಈಗ ಒಮ್ಮೆಲೇ ಅಂದ. "ನಿನ್ನಿಯಿಂದ ಹಂಗ ಉರದಾವ. ಬ್ಯಾಟ್ರಿ ಕುಂತೈತಿ. ಯಾರು ಹಚ್ಚಿದ್ರು?"

ಹೊರಗೆ ನಿಂತಿದ್ದ ಮಮ್ತಾಜ ಥಟ್ಟನೆ ಆಕಾಶ ನೋಡತೊಡಗಿದಳು. ನಿನ್ನೆ ಬೆಳಗ್ಗೆ ಬಿಸಿಲಲ್ಲೇ ಅವಳಿಗೆ ಹೆಡ್‌ಲೈಟ್, ಮ್ಯೂಸಿಕ್ ಸಿಸ್ಟಮ್ ಎಲ್ಲ ತೋರಿಸಿದ್ದು ಶಾಂಭವಿ. ಅಷ್ಟರಲ್ಲಿ ಅವ್ವ ಪೂಜೆಗೆ ಕರೆದಳೆಂದು ಓಡಿದ್ದೂ ಶಾಂಭವಿ.

"ನಾನಪ್ಪಾ..." ಅವಳ ದನಿ ಸಣ್ಣಗಾಯಿತು.

ಅಪ್ಪ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. "ಹೋಗ್ಲಿ. ಚಾರ್ಜರ್ ತೊಗೊಂಬಾ, ಪಾನಾನೂ ತಾ" ಎಂದ.

ಶಾಂಭವಿ ಕದಲಲಿಲ್ಲ. "ಅವೆಲ್ಲಾ ದೇವರ ಮನ್ಯಾಗ ಅದಾವ."

ನಿನ್ನೆ ಖಂಡೆಪೂಜೆ, ಆಯುಧಗಳ ಪೂಜೆ. "ಒಂದೂ ಬಿಡಬ್ಯಾಡ, ಎಲ್ಲಾ ತಂದಿಡು" ಎಂದು ಅವ್ವ ಹೇಳಿದ್ದಕ್ಕೆ ಶಾಂಭವಿ ಪಾನಾ, ಪಕ್ಕಡ, ಜಾಕು, ಚಾರ್ಜರು, ವೈರು, ಕೊನೆಗೆ ತನ್ನ ಕಂಪಾಸ್ ಬಾಕ್ಸು, ಎಲ್ಲವನ್ನೂ ತೊಳೆದು ಒರೆಸಿ ಸಾಲಾಗಿ ಇಟ್ಟಿದ್ದಳು. ಅವುಗಳ ಮೇಲೆ ವಿಭೂತಿ, ಕುಂಕುಮ, ಚೆಂಡುಹೂ. ಪೂಜೆಗೆ ಕೂತ ಸಾಮಾನನ್ನು ಬನ್ನಿ ಮುಡಿಯುವತನಕ ಯಾರೂ ಎತ್ತುವಂತಿಲ್ಲ. ಬನ್ನಿ ಮುಡಿಯಬೇಕೆಂದರೆ ಸುರಪುರ ಮುಟ್ಟಬೇಕು. ಸುರಪುರ ಮುಟ್ಟಬೇಕೆಂದರೆ ಕಾರು ಹೊರಡಬೇಕು.

ಎದುರುಮನೆಯ ಟೇಲರ್ ಯೂನುಸ್, ಮಮ್ತಾಜಳ ಅಪ್ಪ, ಲುಂಗಿ ಎತ್ತಿ ಕಟ್ಟಿಕೊಳ್ಳುತ್ತ ಬಂದ. "ಏನೋ ಸಂಗಮ್ಯಾ! ಊರಿಗೆಲ್ಲಾ ಕರೆಂಟ್ ಕೊಡಾಂವ, ನಿನ್ನ ಕಾರಿಗೇ ಕರೆಂಟಿಲ್ಲ?"

"ನಗಬ್ಯಾಡೋ ಮಾರಾಯಾ. ಇವತ್ತು ಒಂದ ಗ್ಯಾರೇಜರೆ ತೆರದಾರೇನು? ನಿನ್ನ ಹತ್ರ ಏನರೆ ಐತೇನು?"

"ಕತ್ರಿ ಐತಿ. ತರ್ಲೇನು?"

ಮಮ್ತಾಜ ಕಿಸಕ್ಕನೆ ನಕ್ಕಳು. ಶಾಂಭವಿಗೆ ನಗು ಬರಲಿಲ್ಲ. ಕಟ್ಟೆಯ ಮೇಲೆ ಅಜ್ಜ ಚೀಲ ಹೆಗಲಿಗೆ ಹಾಕಿಕೊಂಡು ಎದ್ದು ನಿಂತಿದ್ದ. ಬಸ್ಸಿನ ಹೊತ್ತಾಗಿತ್ತು.

"ಒಂದ ಪಾನಾ, ಆ ಚಾರ್ಜರು, ಅಷ್ಟ ತೊಗೊಂಡ್ರ ಏನಾಗತೈತಿ?" ಅಪ್ಪ ಅವ್ವನ ಮುಖ ನೋಡಿದ. ಅವ್ವ ಅಜ್ಜನ ಮುಖ ನೋಡಿದಳು.

ಅಜ್ಜ ಮೆಟ್ಟಿಲಿಳಿದ. "ಮಲಗಿದಾವ, ಯಾಕ ಎಬ್ಬಸ್ತಿ? ವರ್ಷಪೂರ್ತಿ ದುಡದಾವ ಅವು" ಎಂದ. ಎರಡು ಹೆಜ್ಜೆ ಹೋಗಿ ನಿಂತು, ಹಿಂದೆ ನೋಡದೆ ಸೇರಿಸಿದ. "ತಳ್ಳಿದ್ರ ಹೊಂಡತೈತಿ."

ಎರಡು ವರ್ಷದಲ್ಲಿ ಕಾರು ನಡೆಸುವ ಬಗ್ಗೆ ಅಜ್ಜ ಆಡಿದ ಮೊದಲ ಮಾತು!

ಅಪ್ಪ ಸ್ಟೇರಿಂಗ್ ಹಿಡಿದ. ಅವ್ವ ಸೆರಗು ಸಿಕ್ಕಿಸಿದಳು. ಯೂನುಸ್, ಮಮ್ತಾಜ, ಶಾಂಭವಿ ಡಿಕ್ಕಿಗೆ ಕೈ ಕೊಟ್ಟರು. ಓಣಿ ಸ್ವಲ್ಪ ಏರು. ಕಾರು ಮಲಗಿದ ಎಮ್ಮೆಯ ಹಾಗೆ ಒಮ್ಮೆ ಮೈ ಅಲುಗಿಸಿ ಸುಮ್ಮನಾಯಿತು.

"ಅಯ್ಯಯ್ಯೋ! ಏನ ತಿನಿಸಿ ಬೆಳಸೀರಿ ಕಾಕಾ ಇದನ್ನ?" ಯೂನುಸ್ ಏದುಸಿರು ಬಿಟ್ಟ. "ಮಮ್ತಾಜ, ಸರೀಗಿ ತಳ್ಳು. ನಾ ಹುಟ್ಟಿದ್ದು ಇದ ಕಾರಿನ್ಯಾಗ."

"ಅಬ್ಬಾ, ಸುಳ್ಳ ಹೇಳ್ಬ್ಯಾಡ!" ಎಂದಳು ಮಮ್ತಾಜ ತನ್ನ ಅಪ್ಪನಿಗೆ.

"ಸುಳ್ಳಲ್ಲವ್ವಾ" ಎಂದ ಅಜ್ಜ. ಹೊರಟವನು ಇನ್ನೂ ಅಲ್ಲೇ ನಿಂತಿದ್ದ. "ನಿಮ್ಮಜ್ಜೀನ ಕರ್ಕೊಂಡು ದವಾಖಾನಿಗೆ ಅಂತ ಯಾದಗಿರಿಗೆ ಹೊಂಟಿದ್ವಿ. ದೋರನಹಳ್ಳಿ ದಾಟಿತ್ತು. ನಾ ಕಾರು ನಿಂದ್ರಿಸಿ ಹೊರಗ ಇಳದು ನಿಂತೆ. ಒಳಗಿಂದ ನಿಮ್ಮಪ್ಪ ಒದರಾಕ ಚಾಲೂ ಮಾಡಿದ. ಅವತ್ತಿನಿಂದ ಇವತ್ತಿನತನಕ ಬಾಯಿ ಮುಚ್ಚಿಲ್ಲ."

ಎಲ್ಲರೂ ನಕ್ಕರು. ಅಜ್ಜನೂ ನಕ್ಕ. ಆದರೆ ಅವನ ಕಣ್ಣು ಕಾರಿನ ಮೇಲಿತ್ತು.

ಅಪ್ಪ ಕೆಳಗಿಳಿದ. "ನಾನೂ ತಳ್ಳಬೇಕು, ಇಲ್ಲಂದ್ರ ಆಗಂಗಿಲ್ಲ. ಒಳಗ ಯಾರರೆ ಕುಂದ್ರಬೇಕು."

"ನನ್ನ ನೋಡಬ್ಯಾಡ್ರಿ. ನನಗ ಸ್ಕೂಟಿ ಬಿಟ್ರ ಏನೂ ಬರಂಗಿಲ್ಲ" ಎಂದಳು ಅವ್ವ.

"ನನಗ ಹೊಲಿಗಿ ಮಷಿನ್ ಪೆಡಲ್ ಅಷ್ಟ ಗೊತ್ತು" ಎಂದ ಯೂನುಸ್.

ಎಲ್ಲರ ಕಣ್ಣೂ ಒಂದೇ ಕಡೆ ತಿರುಗಿತು.

"ಅಪ್ಪಾ, ನೀ ಕುಂದ್ರು" ಎಂದ ಸಂಗಮನಾಥ.

ಅಜ್ಜ ಚೀಲದ ಪಟ್ಟಿಯನ್ನು ಹೆಗಲ ಮೇಲೆ ಸರಿಮಾಡಿಕೊಂಡ. "ನನಗ ಬಸ್ಸಿಗೆ ಹೊತ್ತಾತು."

ಶಾಂಭವಿ ಓಡಿಹೋಗಿ ಅಜ್ಜನ ಮುಂದೆ ನಿಂತಳು. "ಅಜ್ಜಾ, ಲೈಟ್ ಹಚ್ಚಿ ಬಿಟ್ಟಾಕಿ ನಾನು. ಅಪ್ಪಂದೇನೂ ತಪ್ಪಿಲ್ಲ. ಸಿಟ್ಟ ಮಾಡ್ಕೋಬ್ಯಾಡ."

"ಸಿಟ್ಟಾ?" ಅಜ್ಜ ಅವಳನ್ನೇ ನೋಡಿದ. ಚೀಲವನ್ನು ಕಟ್ಟೆಯ ಮೇಲಿಟ್ಟ. ಕಾರಿನ ಬಾಗಿಲ ಹತ್ತಿರ ಚಪ್ಪಲಿ ಬಿಟ್ಟ. ಸ್ಟೇರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಕೂತ.

"ಶಾಂಭವಿ, ನೀ ಅಜ್ಜನ ಬಾಜೂಕ ಕುಂದ್ರು. ನೀ ತಳ್ಳಿದ್ರೂ ಅಷ್ಟ, ಬಿಟ್ರೂ ಅಷ್ಟ" ಎಂದ ಅಪ್ಪ.

ಅವಳು ಹತ್ತಿ ಕೂತಳು. ಅಜ್ಜನ ಬಲಗೈ ಸ್ಟೇರಿಂಗ್ ಹಿಡಿದಿತ್ತು. ಎಡಗೈ ಅದರ ಪಕ್ಕಕ್ಕೆ ಹೋಯಿತು, ಹಳೆಯ ಗೇರು ಇದ್ದ ಕಡೆಗೆ. ಅಲ್ಲಿ ಗೇರು ಇರಲಿಲ್ಲ. ಬೆರಳಿಗೆ ಇಂಡಿಕೇಟರಿನ ಸಣ್ಣ ಕಡ್ಡಿ ತಾಗಿತು. ಕೈ ಅದನ್ನು ಬಿಟ್ಟು ಗಾಳಿಯಲ್ಲಿ ನಿಂತಿತು.

"ಅಪ್ಪಾ, ಸೆಕೆಂಡ್ ಗೇರ್ ಹಾಕಿದೇನು?" ಹಿಂದಿನಿಂದ ಕೂಗು ಬಂತು.

ಅಜ್ಜನ ಹಣೆಯ ವಿಭೂತಿಯ ಕೆಳಗೆ ಬೆವರು ಮೂಡಿತ್ತು. ಕಣ್ಣು ಆ ಕಡೆ ಈ ಕಡೆ ಹುಡುಕುತ್ತಿತ್ತು.

ಈ ಮುಖ ಶಾಂಭವಿಗೆ ಗೊತ್ತಿತ್ತು. ಗಣಿತದ ಪಿರಿಯಡ್ಡಿನಲ್ಲಿ ಸರ್ ಎಬ್ಬಿಸಿ ನಿಲ್ಲಿಸಿದಾಗ, ಉತ್ತರ ಬಾರದೆ, ಇಡೀ ಕ್ಲಾಸು ತನ್ನನ್ನೇ ನೋಡುತ್ತಿರುವಾಗ ಇರುವ ಮುಖ. ಮಮ್ತಾಜಳದು ಹಾಗಾದಾಗ ಶಾಂಭವಿ ತಲೆ ತಗ್ಗಿಸಿ, ತುಟಿ ಅಲುಗಿಸದೆ ಉತ್ತರ ಹೇಳಿಕೊಡುತ್ತಿದ್ದಳು.

ಅವಳು ನೇರ ಮುಂದಿನ ಗಾಜನ್ನೇ ನೋಡುತ್ತ ಪಿಸುಗುಟ್ಟಿದಳು. "ಕೆಳಗಜ್ಜಾ. ನಮ್ಮಿಬ್ಬರ ನಡುವ. ಎಡಕ್ಕ ಹಾಕಿ ಹಿಂದಕ್ಕ ಎಳಿ."

"ಗೊತ್ತೈತಿ" ಎಂದ ಅಜ್ಜ, ಅಷ್ಟೇ ಮೆಲ್ಲಗೆ. ಕೈ ಕೆಳಗಿಳಿಯಿತು. ಗೇರಿನ ಗುಂಡು ಸಿಕ್ಕಿತು. ತುಸು ಹೊತ್ತಾದ ಮೇಲೆ ಇನ್ನೂ ಮೆಲ್ಲಗೆ ಕೇಳಿದ. "ಎಡಕ್ಕ ಅಂದೇನು?"

"ಹ್ಞೂಂ. ಎಡಕ್ಕ, ಹಿಂದಕ್ಕ."

ಗೇರು ಬಿತ್ತು.

"ಹಾಕೀನ್ರೋ! ತಳ್ರಿ!" ಅಜ್ಜ ಓಣಿಗೆಲ್ಲ ಕೇಳುವಂತೆ ಕೂಗಿದ.

"ಜೋರ್ ಲಗಾಕೇ!" ಯೂನುಸ್ ಒದರಿದ. "ಹೈಸಾ!" ಎಂದರು ಉಳಿದವರು. ಕಾರು ಕದಲಿತು. ಉರುಳಿತು. ಏರು ಮುಗಿದು ವೇಗ ಹಿಡಿಯಿತು. ಅಜ್ಜನ ಬರಿಗಾಲು ಕ್ಲಚ್ಚನ್ನು ಒತ್ತಿಯೇ ಇತ್ತು. ಬಿಡಜ್ಜಾ, ಬಿಡು ಎಂದು ಶಾಂಭವಿಯ ನಾಲಿಗೆ ತುದಿಗೆ ಬಂತು. ಅಜ್ಜ ಬಿಡಲಿಲ್ಲ. ತಲೆ ಒಂದು ಕಡೆ ವಾಲಿಸಿ, ಚಕ್ರದ ಸದ್ದನ್ನು ಕೇಳುತ್ತಿದ್ದ. ಆಮೇಲೆ ಕಾಲೆತ್ತಿದ.

ಕಾರು ಗಕ್ಕನೆ ಮುಗ್ಗರಿಸಿತು, ಕೆಮ್ಮಿತು, ಮರುಕ್ಷಣ ಎಂಜಿನ್ ಹೊತ್ತಿಕೊಂಡು ಗುಡುಗಿತು. ಹಿಂದೆ ಮಮ್ತಾಜ ಕಿರುಚಿಕೊಂಡು ಕುಣಿದಳು.

ಓಣಿಯ ಕೊನೆಯ ಹಿಟ್ಟಿನ ಗಿರಣಿಯವರೆಗೂ ಅಜ್ಜ ಬಿಟ್ಟುಕೊಂಡು ಹೋದ. ಅಲ್ಲಿ ಬದಿಗೆ ಹಿಡಿದು, ಎಂಜಿನ್ ಬಂದ್ ಮಾಡದೆ ನಿಲ್ಲಿಸಿದ. ಅಪ್ಪ ಓಡಿಬಂದು ಕಿಟಕಿ ಹಿಡಿದು ನಿಂತ.

"ಸ್ಟೇರಿಂಗ್ ಹಗುರ ಐತೋ" ಎಂದ ಅಜ್ಜ. "ಒಂದ ಬೆರಳಿಗೆ ತಿರುಗತೈತಿ."

"ನಿನ್ನ ಭುಜ ನೋಯ್ತಿತ್ತಲ್ಲಾ, ಅದಕ್ಕ..." ಅಪ್ಪ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ.

ಅಜ್ಜ ಸ್ಟೇರಿಂಗನ್ನು ಒಮ್ಮೆ ಸವರಿದ. ಇಳಿದು, ಸುತ್ತಿ ಈ ಕಡೆ ಬಂದ. "ಸರಿಯವ್ವಾ, ನನ್ನ ಜಾಗ ಬಿಡು. ರೋಡಿನ ಮ್ಯಾಲ ನಿಮ್ಮಪ್ಪ ಹೊಡೀಲಿ. ನನ್ನ ಕನ್ನಡಕದಾಗ ಒಂದ ಲಾರಿ ಎಲ್ಡ ಕಾಣತೈತಿ."

ಮಮ್ತಾಜ ಚೀಲ, ಚಪ್ಪಲಿ ಎರಡನ್ನೂ ಹಿಡಿದು ಓಡಿಬಂದಳು. ಹಿಂದೆಯೇ ಅವ್ವ ಬಂದು ಶಾಂಭವಿಯ ಜೊತೆ ಹಿಂದಿನ ಸೀಟಿನಲ್ಲಿ ಕೂತಳು. ನಾಲ್ಕು ಗಂಟೆಯ ಬಸ್ಸು ಆಗಲೇ ಹೋಗಿತ್ತು. ಅದರ ಮಾತನ್ನು ಯಾರೂ ಎತ್ತಲಿಲ್ಲ.

ಶಹಾಪುರ ದಾಟಿದ ಮೇಲೆ ಅಪ್ಪ ಎಸಿ ಹಚ್ಚಿದ. ಅಜ್ಜ ಗಾಜು ಇಳಿಸಿದ.

"ಎಸಿ ಹೊರಗ ಹೊಂಟೈತ್ರಿ ಮಾಮಾ" ಎಂದಳು ಅವ್ವ.

"ಹೋಗ್ಲಿ ಬಿಡವ್ವಾ, ಹೊಲದಾಗಿನ ಮಂದಿಗೂ ತಂಪಾಗ್ಲಿ."

ರಸ್ತೆಯ ಎರಡೂ ಕಡೆ ಭತ್ತ ಹಸಿರಾಗಿ ತೂಗುತ್ತಿತ್ತು. ಅಜ್ಜ ಒಂದೊಂದು ಜಾಗ ತೋರಿಸಿ ಹೇಳುತ್ತ ಹೋದ. ಇಲ್ಲಿ ಮೊದಲು ಬಾವಿಯಿತ್ತು, ಕಾರಿಗೂ ನನಗೂ ಅಲ್ಲೇ ನೀರು. ಆ ತಿರುವಿನಲ್ಲಿ ಒಂದು ದಿಬ್ಬಣವೇ ಇಳಿದು ಕಾರು ತಳ್ಳಿತ್ತು, ಮದುಮಗನೂ ತಳ್ಳಿದ್ದ.

ಶಾಂಭವಿ ಎರಡು ಸೀಟುಗಳ ನಡುವೆ ತಲೆ ಇಟ್ಟು ಕೇಳುತ್ತಿದ್ದಳು. ಆಗ ಅವಳ ಕಣ್ಣು ಕೆಳಗೆ ಹೋಯಿತು.

ಅಪ್ಪ ಗೇರು ಬದಲಿಸಲು ಕ್ಲಚ್ ಒತ್ತಿದ. ಈ ಕಡೆ ಅಜ್ಜನ ಎಡಗಾಲೂ ಮ್ಯಾಟನ್ನು ಒತ್ತಿತು. ಅಪ್ಪ ಕಾಲೆತ್ತಿದಾಗ ಅದೂ ಎದ್ದಿತು. ಅಜ್ಜನಿಗೆ ಅದು ಗೊತ್ತೇ ಇರಲಿಲ್ಲ. ಅವನು ಕಿಟಕಿಯಾಚೆ ನೋಡುತ್ತ ಮದುಮಗನ ಕತೆ ಹೇಳುತ್ತಲೇ ಇದ್ದ.

ಶಾಂಭವಿಗೆ ನಗು ಉಕ್ಕಿ ಬಂತು. ಮರುಕ್ಷಣ ಅದು ಎಲ್ಲಿಗೋ ಹೋಯಿತು. ಹಿತ್ತಲಲ್ಲಿ ಸುತ್ತಿಗೆ ಸದ್ದಾದಾಗಲೆಲ್ಲ ಅಜ್ಜ ಎದ್ದು ಹೋಗುತ್ತಿದ್ದದ್ದು ನೆನಪಾಯಿತು. ಗಾಳಿಯಲ್ಲಿ ನಿಂತ ಕೈ ನೆನಪಾಯಿತು. ಸಿಟ್ಟು ಬಂದವರ ಕೈ ಹಾಗಿರುವುದಿಲ್ಲ. ಕಳೆದದ್ದನ್ನು ಹುಡುಕುವವರ ಕೈ ಹಾಗಿರುತ್ತದೆ.

"ಯಾಕ ಶಾಂಭವಿ, ಏನ ನೋಡಾಕತ್ತಿ?" ಅವ್ವ ಕೇಳಿದಳು.

"ಏನಿಲ್ಲವ್ವಾ."

ಹತ್ತಿಗೂಡೂರಿನ ಹತ್ತಿರ ಎತ್ತಿನಗಾಡಿಯೊಂದು ಅಡ್ಡ ಬಂತು. ಅಪ್ಪನ ಕಾಲು, ಅಜ್ಜನ ಕಾಲು, ಎರಡೂ ಒಟ್ಟಿಗೆ ಇಳಿದವು. ಕಾರು ಮೆಲ್ಲಗೆ ನಿಧಾನಿಸಿತು.

ಶಾಂಭವಿ ಮಮ್ತಾಜಳಿಗೆ ಎಲ್ಲವನ್ನೂ ಹೇಳುತ್ತಾಳೆ. ಇವತ್ತಿನದರಲ್ಲಿ ಆ ಕೈಯದು, ಈ ಕಾಲಿನದು, ಎರಡು ಮಾತು ಮಾತ್ರ ಅವಳಿಗೂ ಹೇಳಬಾರದು ಅಂದುಕೊಂಡಳು.