ಕೇಳದೆ ಉಳಿದ ತೇಪೆ

ಬಹಳ ಬಹಳ ಹಿಂದೆ, ಕೋಳಿಗಳು ಇನ್ನೂ ಕೂಗಲು ಕಲಿಯದಿದ್ದ ಕಾಲದಲ್ಲಿ, ಬೆಣಚಿನಗರಿ ಎಂಬ ರಾಜ್ಯವಿತ್ತು. ಅಲ್ಲಿ ಮಾಳಿಂಗ ಎಂಬ ತರುಣ ತನ್ನ ಅಜ್ಜಿ ತಿಪ್ಪವ್ವನ ಜೊತೆ ವಾಸವಾಗಿದ್ದ. ಅವರ ಮನೆಯಲ್ಲಿ ಒಂದು ಕೌದಿ ಇತ್ತು. ಏಳು ತಲೆಮಾರಿನ ಹೆಂಗಸರು ತಮ್ಮ ಹಳೆಯ ಸೀರೆ ಹರಿದು, ಒಬ್ಬೊಬ್ಬಳು ಒಂದೊಂದು ತೇಪೆ ಹಚ್ಚಿ ಹೊಲಿದದ್ದು. ನಾಲ್ಕು ತಲೆಮಾರನ್ನು ಇಲಿಗಳು ತಿಂದಿದ್ದವು. ಉಳಿದದ್ದು ಮೂರೇ: ಮುತ್ತಜ್ಜಿಯ ತಾಯಿಯದು, ಮುತ್ತಜ್ಜಿಯದು, ಮತ್ತೆ ಮಾಳಿಂಗ ತೊಟ್ಟಿಲಲ್ಲಿದ್ದಾಗಲೇ ತೀರಿಕೊಂಡ ಅವನ ತಾಯಿಯದು. ತಿಪ್ಪವ್ವ ತನ್ನದನ್ನು ಇನ್ನೂ ಹಚ್ಚಿರಲಿಲ್ಲ. ಸೀರೆ ಇನ್ನೂ ಗಟ್ಟಿ ಇದೆ ಎನ್ನುತ್ತಿದ್ದಳು.

ಆ ಮನೆಯ ಪದ್ಧತಿ ಹೀಗಿತ್ತು. ಕೊನೆಯ ಹೊಲಿಗೆ ಹಾಕುವಾಗ ಹೆಂಗಸು ಬಗ್ಗಿ ತೇಪೆಯೊಳಗೆ ಒಂದು ಮಾತು ಉಸುರಬೇಕು. ಮುಂದೆ ಮನೆಯ ಮಗು ತೇಪೆಗೆ ಕಿವಿ ಇಟ್ಟರೆ ಆ ಮಾತು ಕೇಳಿಸುತ್ತದೆ. ಒಬ್ಬರಿಗೆ ಒಂದೇ ಸಲ.

"ನಿಮ್ಮವ್ವ ಏನಂದಾಳ ಅಂತ ಯಾವಾಗ ಕೇಳ್ತೀಯೋ ಮಾಳ್ಯಾ?" ಎಂದು ಅಜ್ಜಿ ವರ್ಷಕ್ಕೊಮ್ಮೆ ಗದರುತ್ತಿದ್ದಳು.

"ಕೇಳ್ತೀನಿ ಬಿಡಜ್ಜಿ. ಅದೇನು ಕಾಲು ಬಂದು ಓಡಿಹೋಗ್ತದೇನು?"

ಒಂದೇ ಸಲ ಸಿಗುವುದನ್ನು ಒಳ್ಳೆಯ ದಿನಕ್ಕೆ ಇಟ್ಟುಕೊಳ್ಳಬೇಕೆಂದು ಅವನ ಆಸೆ. ಅಂಥ ಒಳ್ಳೆಯ ದಿನ ಬರುವ ಮೊದಲೇ ಮಾಂತ್ರಿಕ ಥಂಡಿರಾಯ ಬಂದ.

ಅವನು ರಾಜ್ಯದ ಬಿಸಿಯನ್ನೆಲ್ಲ ಒಂದು ಉಸಿರಿಗೆ ಎಳೆದುಕೊಂಡು, ಬೆಟ್ಟದ ತುದಿಯ ತಾಮ್ರದ ಹಂಡೆಯಲ್ಲಿ ಮುಚ್ಚಿಟ್ಟ. ಒಲೆ ಉರಿಯಿತು, ಅನ್ನ ಬೇಯಲಿಲ್ಲ. ರಾಜ ಒಂಬತ್ತು ಶಾಲು ಹೊದ್ದು ಸಭೆ ನಡೆಸಿದ. ಹನ್ನೊಂದು ಎಂದು ರಾಣಿ ಹೇಳುತ್ತಾಳೆ. ಎರಡು ಅವಳವೇ ಅಂತೆ. ತಿಪ್ಪವ್ವನ ಪಾದ ತಣ್ಣಗಾಯಿತು, ಮರುದಿನ ಮೊಣಕಾಲು.

"ಎದಿಗೆ ಬಂತಂದ್ರ ನನ್ನ ಆಟ ಮುಗೀತು," ಎಂದಳು ಅಜ್ಜಿ. "ಕೌದಿ ತಗೊಂಡು ಹೋಗು. ಹಂಡೆ ಮುಚ್ಚಳ ತೆಗೆದು ಬಾ."

ಮಾಳಿಂಗ ಹೊರಟ. ಮೊದಲ ದಿನ ದಾರಿಗೆ ಅಡ್ಡ ಒಂದು ಸರ್ಪ ಮಲಗಿತ್ತು. ಅದರ ಬಾಲ ಪಕ್ಕದ ರಾಜ್ಯದಲ್ಲಿತ್ತು.

"ಚಳಿಗೆ ಪೊರೆ ಬಿಡಲಾರೆ, ಸರಿಯಲಾರೆ," ಎಂದಿತು ಸರ್ಪ. "ಬಿಸಿ ಕೊಟ್ಟರೆ ದಾರಿ ಕೊಟ್ಟೆ."

"ತಗೋ ನನ್ನ ಕಂಬಳಿ."

"ಅದು ಕುರಿಯ ಬಿಸಿ. ನನಗೆ ಬೇಕಾದದ್ದು ತೇಪೆಯೊಳಗಿನ ಮಾತಿನ ಬಿಸಿ. ನೀನು ಕೇಳದ ಮಾತು ಬೆಚ್ಚಗಿರುತ್ತದೆ. ಕೇಳಿಬಿಟ್ಟರೆ ನಿನ್ನ ಕೈಯಲ್ಲಿ ಉಳಿಯುವುದು ಬರೀ ಬಟ್ಟೆ."

ಮಾಳಿಂಗ ಮುತ್ತಜ್ಜಿಯ ತಾಯಿಯ ತೇಪೆ ಬಿಚ್ಚಿ ಕೊಟ್ಟ. ನೋಡಿಯೇ ಇರದ ಮುದುಕಿ, ಹೋಗಲಿ ಎಂದುಕೊಂಡ. ಸರ್ಪ ಪೊರೆ ಬಿಟ್ಟು ಸರಿಯಿತು.

ಎರಡನೆಯ ದಿನ ಹದ್ದೊಂದು ರೆಕ್ಕೆಯಿಂದ ಕಣಿವೆ ಮುಚ್ಚಿ ಕುಳಿತಿತ್ತು.

"ಮೊಟ್ಟೆ ಒಡೆಯುತ್ತಿಲ್ಲ," ಎಂದಿತು ಹದ್ದು. "ಬಿಸಿ ಕೊಟ್ಟರೆ ದಾರಿ ಕೊಟ್ಟೆ."

ಮುತ್ತಜ್ಜಿಯ ತೇಪೆಯನ್ನು ಮಾಳಿಂಗ ಒಂದೊಂದೇ ಹೊಲಿಗೆ ಎಣಿಸುತ್ತ ನಿಧಾನವಾಗಿ ಬಿಚ್ಚಿದ. ಆದರೂ ಕೊಟ್ಟ. ಮರಿಗಳು ಹೊರಬಂದವು, ಹದ್ದು ರೆಕ್ಕೆ ಎತ್ತಿತು.

ಮೂರನೆಯ ದಿನ ಬೆಟ್ಟದ ತುದಿ. ಹಂಡೆಯ ಮುಚ್ಚಳದ ಮೇಲೆ ಮನೆಯಷ್ಟು ದೊಡ್ಡ ಕರಡಿ ಕುಳಿತು ಗಡಗಡ ನಡುಗುತ್ತಿತ್ತು.

"ಥಂಡಿರಾಯನ ಕಾವಲಿಗೆ ನಿಂತು ನೂರು ವರ್ಷ, ಅಂದಿನಿಂದ ನಿದ್ದೆಯಿಲ್ಲ," ಎಂದಿತು. "ಬಿಸಿ ಕೊಟ್ಟರೆ ಎದ್ದೆ."

ಮಾಳಿಂಗನ ಕೈಯಲ್ಲಿ ಉಳಿದದ್ದು ಒಂದೇ ತೇಪೆ, ತಾಯಿಯದು. ಎಲೆಹಸಿರು, ಅದರ ಮೇಲೆ ಹಳದಿ ಚುಕ್ಕೆ.

"ಕರಡಿಯಣ್ಣಾ, ನನ್ನ ಎಡಗೈ ತಗೋ."

"ಎಡಗೈ ತಿಂದರೆ ನಿದ್ದೆ ಬರುತ್ತದೇನೋ ಹುಚ್ಚಾ?"

"ಒಂದೇ ಸಲ ಕೇಳಿ ಕೊಡ್ತೀನಿ. ಅವಳ ದನಿ ಹೇಗಿತ್ತು ಅಂತಲೂ ನನಗೆ ಗೊತ್ತಿಲ್ಲ."

"ಕೇಳು. ಆಮೇಲೆ ನಾನು ಏಳುವುದಿಲ್ಲ."

ಅವನು ತೇಪೆಯನ್ನು ಕಿವಿಯ ಹತ್ತಿರ ತಂದ. ಒಳಗೆ ಯಾರೋ ಮಾತಾಡುವ ಮುಂಚೆ ಉಸಿರೆಳೆದುಕೊಂಡಂತಾಯಿತು. ಚಳಿ ಅಜ್ಜಿಯ ಸೊಂಟ ದಾಟಿರುವ ಹೊತ್ತು. ಇಪ್ಪತ್ತು ವರ್ಷ ಗೂಟಕ್ಕೆ ನೇತುಹಾಕಿದ್ದ ಮಾತು! ಯಾವ ಮಧ್ಯಾಹ್ನವಾದರೂ ಕೇಳಬಹುದಿತ್ತು. ಮಾಳಿಂಗ ತೇಪೆಯನ್ನು ಕಿವಿಯಿಂದ ದೂರ ಹಿಡಿದು, ಕಣ್ಣು ಮುಚ್ಚಿ ಕೊಟ್ಟುಬಿಟ್ಟ.

ಕರಡಿ ಅದನ್ನು ಕೆನ್ನೆಗೆ ಒತ್ತಿಕೊಂಡಿತು. ಅದರ ಕಿವಿ ನಿಮಿರಿತು. ಮುಖ ನಿಧಾನವಾಗಿ ಮೆತ್ತಗಾಯಿತು. ಮುಚ್ಚಳ ಬಿಟ್ಟು ಪಕ್ಕಕ್ಕೆ ಉರುಳಿ, ಎಳೆಗೂಸಿನಂತೆ ಮುದುರಿ ಮಲಗಿತು.

"ಏನಂದಳು?" ಎಂದು ಮಾಳಿಂಗ ಅದರ ಭುಜ ಅಲ್ಲಾಡಿಸಿದ. "ಏನಂದಳೋ?"

ಕರಡಿ ನಿದ್ದೆಯಲ್ಲೇ ನಕ್ಕಿತು.

ಮಾಳಿಂಗ ಮುಚ್ಚಳ ಎತ್ತಿದ. ಬಿಸಿ ಭುಸ್ಸೆಂದು ರಾಜ್ಯಕ್ಕೆಲ್ಲ ಹರಿಯಿತು. ಥಂಡಿರಾಯ ಓಡಿ ಬಂದವನು ಜೀವಮಾನದಲ್ಲೇ ಮೊದಲ ಸಲ ಬೆವರಿ, ಬೆವರಿ, ಒಂದು ಹೊಂಡವಾಗಿ ನಿಂತ. ಎಮ್ಮೆಗಳು ಅದರಲ್ಲಿ ಬಿದ್ದು ಹೊರಳಾಡಿದವು.

ಮನೆಗೆ ಬಂದಾಗ ತಿಪ್ಪವ್ವ ಕಾಲು ಚಾಚಿ ಬಿಸಿ ಗಂಜಿ ಕುಡಿಯುತ್ತಿದ್ದಳು.

"ಅವ್ವ ಏನಂದಿದ್ದಳು ಅಜ್ಜಿ? ನೀನಾದರೂ ಕೇಳಿದ್ದೆಯಾ?"

"ನಿನಗಂತ ಇಟ್ಟ ಮಾತಿಗೆ ನಾ ಯಾಕ ಕಿವಿ ಇಡ್ಲೋ?" ಅವಳು ಬಟ್ಟಲು ಕೆಳಗಿಟ್ಟಳು. ಆಮೇಲೆ ತನ್ನ ತೇಪೆ ಹೊಲಿಯಲು ಸೂಜಿಗೆ ಕೈ ಚಾಚಿದಳು.

ಮಾಳಿಂಗ ಆ ಕೈ ಹಿಡಿದುಕೊಂಡ. "ಬಟ್ಟೆಗೆ ಬೇಡ ಅಜ್ಜಿ. ನನಗೇ ಹೇಳು. ಈಗಲೇ ಹೇಳು."

ಅಜ್ಜಿ ಬಾಯಿ ತೆರೆದಳು. ಮುಂದಿನ ಹನ್ನೊಂದು ವರ್ಷ ಮುಚ್ಚಲಿಲ್ಲ. ಮಾಳಿಂಗ ಒಂದು ಮಾತನ್ನೂ ಬಿಡದೆ ಕೇಳಿದ. ಬೆಣಚಿನಗರಿಯವರೆಲ್ಲ ಬೆಚ್ಚಗೆ ಉಂಡು, ಬೆಚ್ಚಗೆ ಮಲಗಿ, ಸುಖವಾಗಿದ್ದರು. ಅವನೂ ಸುಖವಾಗಿಯೇ ಇದ್ದ. ಆದರೆ ಅಜ್ಜಿ ಉಸಿರಾಡಲು ಒಂದು ಗಳಿಗೆ ನಿಲ್ಲಿಸಿದಾಗ, ಅವನ ಕಣ್ಣು ಬೆಟ್ಟದ ತುದಿಗೆ ಹೋಗುತ್ತಿತ್ತು. ಅಲ್ಲಿ ಕರಡಿ ಇನ್ನೂ ಮಲಗಿತ್ತು.